ಚಳಿಗಾಲದ ಡ್ರೆಸ್ಸಿಂಗ್ ಗೌನಿಗೆ ಬೆಚ್ಚನೆಯ ಬಟ್ಟೆಯನ್ನು ಆರಿಸುವ ಬಗೆ

ರಾತ್ರಿಯುಡುಪಿನ ಮೇಲೆ ಧರಿಸಲು ಡ್ರೆಸ್ಸಿಂಗ್ ಗೌನು ಹೊಲಿಸಬೇಕೆಂದು ಬಟ್ಟೆಯಂಗಡಿಗೆ ಹೋದವರು ಸಾಮಾನ್ಯವಾಗಿ ಬಟ್ಟೆಯನ್ನು ಅಂಗೈಗೆ ತಾಗಿಸಿ ಮೆತ್ತಗಿದೆಯೇ ಎಂದು ನೋಡುತ್ತಾರೆ, ಆಮೇಲೆ ಎತ್ತಿ ಹಿಡಿದು ತೂಕವಿದೆಯೇ ಎಂದು ನೋಡುತ್ತಾರೆ. ಈ ಎರಡು ಗುಣಗಳಲ್ಲಿ ಯಾವುದೂ ಬೆಚ್ಚಗಿಡುವ ಶಕ್ತಿಯನ್ನು ನೇರವಾಗಿ ತಿಳಿಸುವುದಿಲ್ಲ. ತುಂಬ ಮೆತ್ತಗಿರುವ ಸ್ಯಾಟಿನ್ ಮೈಗೆ ತಣ್ಣಗೆ ತಾಗುತ್ತದೆ; ಭಾರವಾದ ಡೆನಿಮ್ ಬಟ್ಟೆ ಅದರ ಅರ್ಧದಷ್ಟೂ ತೂಗದ, ತುಪ್ಪಟದಂಥ ಪಾಲಿಯೆಸ್ಟರ್ ಬಟ್ಟೆಯಾದ ಫ್ಲೀಸ್‌ಗಿಂತ ಕಡಿಮೆ ಬೆಚ್ಚಗಿರುತ್ತದೆ. ಬಟ್ಟೆಯೊಂದು ನಮ್ಮನ್ನು ಹೇಗೆ ಬೆಚ್ಚಗಿಡುತ್ತದೆ ಎಂಬುದನ್ನು ಒಮ್ಮೆ ಸ್ಪಷ್ಟವಾಗಿ ಅರಿತುಕೊಂಡರೆ ಅಂಗಡಿಯವರ ಮಾತನ್ನಾಗಲೀ ಚೀಟಿಯ ಮೇಲಿನ ಆಕರ್ಷಕ ಹೆಸರನ್ನಾಗಲೀ ನೆಚ್ಚಬೇಕಾದ ಅಗತ್ಯ ಬಹುಮಟ್ಟಿಗೆ ಇರುವುದಿಲ್ಲ.

ಸುಮ್ಮನೆ ಕುಳಿತ ಮನುಷ್ಯನ ದೇಹವು ಸುಮಾರು 100 ವ್ಯಾಟ್‌ನಷ್ಟು ಶಾಖವನ್ನು ಎಡೆಬಿಡದೆ ಹೊರಹಾಕುತ್ತಿರುತ್ತದೆ. ಬಟ್ಟೆಯು ಹೊಸದಾಗಿ ಶಾಖವನ್ನು ಉಂಟುಮಾಡುವುದಿಲ್ಲ. ದೇಹದ ಶಾಖವು ಹೊರಗಿನ ತಂಪಿಗೆ ಸೋರಿಹೋಗುವ ವೇಗವನ್ನು ತಗ್ಗಿಸುತ್ತದೆ, ಅಷ್ಟೆ. ಈ ಕೆಲಸದ ಬಹುಪಾಲನ್ನು ಮಾಡುವುದು ಎಳೆಗಳ ನಡುವೆ ಸಿಕ್ಕಿಕೊಂಡು ಅಲುಗಾಡದೆ ನಿಂತ ಗಾಳಿ. ನಿಶ್ಚಲವಾದ ಗಾಳಿಯ ಉಷ್ಣವಾಹಕತೆಯು ಮೀಟರಿಗೆ, ಪ್ರತಿ ಡಿಗ್ರಿಗೆ ಸುಮಾರು 0.025 ವ್ಯಾಟ್, ಹತ್ತಿಯ ಎಳೆಯಾಗಲಿ ಉಣ್ಣೆಯ ಎಳೆಯಾಗಲಿ ಅದಕ್ಕಿಂತ ಹಲವು ಪಟ್ಟು ಹೆಚ್ಚು ಶಾಖವನ್ನು ಸಾಗಿಸುತ್ತದೆ. ನೀರಂತೂ ನಿಶ್ಚಲ ಗಾಳಿಗಿಂತ ಇಪ್ಪತ್ತು ಪಟ್ಟಿಗೂ ಹೆಚ್ಚು ಸಾಗಿಸುತ್ತದೆ. ಆದ್ದರಿಂದ ಬಟ್ಟೆಗೆ ಕೇಳಬೇಕಾದ ಮೊದಲ ಪ್ರಶ್ನೆ ಅದು ಎಷ್ಟು ದಪ್ಪ ಗಾಳಿಯ ಪದರವನ್ನು ಹಿಡಿದಿಡುತ್ತದೆ ಎಂಬುದು. ಎರಡನೆಯದು, ಒದ್ದೆಯಾದಾಗ, ತೊಳೆದಾಗ, ವರ್ಷಗಟ್ಟಲೆ ಬಳಸಿದಾಗ ಆ ಪದರ ಉಳಿಯುತ್ತದೆಯೇ ಎಂಬುದು.

ಉಡುಪಿನ ಈ ಶಕ್ತಿಯನ್ನು ಅಳೆಯಲು ಕ್ಲೋ ಎಂಬ ಮಾನವನ್ನು 1941ರಲ್ಲಿ ವಿಜ್ಞಾನಿಗಳು ಬಳಕೆಗೆ ತಂದರು. 21 ಡಿಗ್ರಿ ಸೆಲ್ಸಿಯಸ್ ಇರುವ, ಗಾಳಿಯಾಡದ ಕೋಣೆಯಲ್ಲಿ ಸುಮ್ಮನೆ ಕುಳಿತವರಿಗೆ ಹಿತವೆನಿಸುವಷ್ಟು ಉಡುಪು ಒಂದು ಕ್ಲೋ. ಅಂದಾಜಿಗೆ ಅದು ಗಂಡಸರ ಒಂದು ಪೂರ್ಣ ಸೂಟಿಗೆ ಸಮ. ಸಾಮಾನ್ಯ ಬಟ್ಟೆಗಳಲ್ಲಿ ಪ್ರತಿ ಮಿಲಿಮೀಟರ್ ದಪ್ಪಕ್ಕೆ ಸುಮಾರು 0.16 ಕ್ಲೋ ಸಿಗುತ್ತದೆಂದು ಲೆಕ್ಕ ಹಾಕಬಹುದು, ಮತ್ತು ಈ ಲೆಕ್ಕ ಎಳೆ ಯಾವುದೇ ಆಗಿದ್ದರೂ ಹೆಚ್ಚುಕಡಿಮೆ ಹೊಂದುತ್ತದೆ. ಕಟ್ಟಡಗಳ ಉಷ್ಣ ಹಿತವನ್ನು ಲೆಕ್ಕಹಾಕುವ ಎಂಜಿನಿಯರುಗಳು ಬಳಸುವ ಕೋಷ್ಟಕದಲ್ಲಿ ತುಂಬುತೋಳಿನ ದಪ್ಪ ಗೌನು ಗಿಡ್ಡವಾಗಿದ್ದರೆ 0.48 ಕ್ಲೋ, ಉದ್ದವಾಗಿದ್ದರೆ 0.69 ಕ್ಲೋ ಎಂದಿದೆ. ಬಟ್ಟೆ ಬದಲಾಗದೆ ಬರೀ ಉದ್ದ ಹೆಚ್ಚಿದ್ದರಿಂದ ಇಷ್ಟು ವ್ಯತ್ಯಾಸ! ದುಬಾರಿ ಬಟ್ಟೆಯಲ್ಲಿ ಮೊಣಕಾಲಿನವರೆಗಿನ ಗೌನು ಹೊಲಿಸುವ ಬದಲು ಸಾಧಾರಣ ಬಟ್ಟೆಯಲ್ಲಿ ಹಿಮ್ಮಡಿಯ ಸಮೀಪಕ್ಕೆ ಬರುವ ಗೌನು ಹೊಲಿಸುವುದು ಎಷ್ಟೋ ಸಲ ಹೆಚ್ಚು ಬುದ್ಧಿವಂತಿಕೆಯ ನಿರ್ಧಾರವಾಗುತ್ತದೆ.

ಅಂಗಡಿಯಲ್ಲಿ ದಪ್ಪವನ್ನು ನೋಡುವಾಗ ಒಂದು ಎಚ್ಚರಿಕೆ ಬೇಕು. ಬಟ್ಟೆಯನ್ನು ಎರಡು ಮೂರು ಮಡಿಕೆ ಮಾಡಿ ಅಂಗೈಯಿಂದ ಗಟ್ಟಿಯಾಗಿ ಒತ್ತಿ, ಸ್ವಲ್ಪ ಹೊತ್ತು ಹಾಗೆಯೇ ಹಿಡಿದು, ಬಿಟ್ಟುಬಿಡಬೇಕು. ಒಳ್ಳೆಯ ಉಣ್ಣೆಯು ಕೂಡಲೇ ಮೇಲೆದ್ದು ಮೊದಲಿನ ಎತ್ತರಕ್ಕೆ ಬರುತ್ತದೆ, ಏಕೆಂದರೆ ಅದರ ಪ್ರತಿ ಎಳೆಯೂ ಹುಟ್ಟಿನಿಂದಲೇ ಸುರುಳಿಸುರುಳಿಯಾಗಿದ್ದು ಒತ್ತಿದರೂ ತನ್ನ ಬಾಗನ್ನು ಮರಳಿ ಪಡೆಯುತ್ತದೆ. ಪಾಲಿಯೆಸ್ಟರ್ ಫ್ಲೀಸ್ ಕೂಡ ಚೆನ್ನಾಗಿಯೇ ಮೇಲೇಳುತ್ತದೆ. ಹತ್ತಿಯ ಎಳೆಗೆ ಈ ಚೇತರಿಕೆ ಕಡಿಮೆ. ಕೆಲವು ತಿಂಗಳ ಬಳಕೆಯ ನಂತರ ಮೊಣಕೈ ಮತ್ತು ಕೂರುವ ಭಾಗದಲ್ಲಿ ಹತ್ತಿಯ ಗೌನು ಚಪ್ಪಟೆಯಾಗಿ, ಆ ಜಾಗಗಳಲ್ಲಿಯೇ ಮೊದಲು ಚಳಿ ತಾಗುತ್ತದೆ. ಒತ್ತಿ ನೋಡಿದ ಮೇಲೆ ಬಟ್ಟೆಯನ್ನು ಬೆಳಕಿಗೆ ಹಿಡಿಯಬೇಕು. ಹಾಸು ಹೊಕ್ಕುಗಳ ನಡುವೆ ಬೆಳಕು ಚುಕ್ಕೆಚುಕ್ಕೆಯಾಗಿ ತೂರಿಬಂದರೆ ಗಾಳಿಯೂ ಹಾಗೆಯೇ ತೂರಿಬರುತ್ತದೆ, ಮೇಲ್ಮೈ ಎಷ್ಟೇ ತುಪ್ಪಟದಂತೆ ಕಂಡರೂ ಒಳಗಿನ ನೇಯ್ಗೆ ಸಡಿಲವೆಂದು ತಿಳಿಯಬೇಕು.

ಚಳಿಗಾಲದ ಬಟ್ಟೆಗಳೆಲ್ಲ ಒಂದಲ್ಲ ಒಂದು ಬಗೆಯಲ್ಲಿ ಗಾಳಿಗೆ ಮನೆ ಮಾಡಿಕೊಡುವ ಉಪಾಯಗಳೇ ಆಗಿವೆ. ಫ್ಲಾನೆಲ್‌ನಲ್ಲಿ ಸೂಕ್ಷ್ಮ ತಂತಿಗಳಿರುವ ಉರುಳೆಗಳಿಂದ ಮೇಲ್ಮೈಯನ್ನು ಕೆರೆದು ನವಿರೆಳೆಗಳನ್ನು ಎಬ್ಬಿಸುತ್ತಾರೆ. ಟರ್ಕಿ ಟವೆಲ್ ಬಟ್ಟೆಯಲ್ಲಿ ನೂಲಿನ ಕುಣಿಕೆಗಳನ್ನು ನಿಲ್ಲಿಸುತ್ತಾರೆ. ಮಖಮಲ್ಲಿನಲ್ಲಿ ನಿಂತ ನೂಲಿನ ತುದಿಗಳನ್ನು ಕತ್ತರಿಸಿ ಸಮ ಮಾಡುತ್ತಾರೆ. ರಜಾಯಿಯಲ್ಲಿ ಎರಡು ಪದರಗಳ ನಡುವೆ ಅರಳೆಯನ್ನು ತುಂಬುತ್ತಾರೆ. ಅಂಗಡಿಗಳಲ್ಲಿ ಜಿಎಸ್‌ಎಂ ಎಂದು ಹೇಳುವ ಸಂಖ್ಯೆ ಒಂದು ಚದರ ಮೀಟರ್ ಬಟ್ಟೆಯ ತೂಕವನ್ನು ಗ್ರಾಮಿನಲ್ಲಿ ತಿಳಿಸುತ್ತದೆ. ಒಂದೇ ಬಗೆಯ ಬಟ್ಟೆಗಳನ್ನು, ಉದಾಹರಣೆಗೆ 200 ಜಿಎಸ್‌ಎಂ ಫ್ಲೀಸ್ ಮತ್ತು 300 ಜಿಎಸ್‌ಎಂ ಫ್ಲೀಸ್‌ಗಳನ್ನು ಹೋಲಿಸಲು ಅದು ಉಪಯುಕ್ತ. ಬೇರೆ ಬೇರೆ ಬಗೆಯ ಬಟ್ಟೆಗಳನ್ನು ಹೋಲಿಸಲು ಅದನ್ನು ಬಳಸಿದರೆ ದಾರಿ ತಪ್ಪುತ್ತದೆ.

ಗಾಳಿಯ ವಿಷಯದಲ್ಲಿ ಎಳೆಗಳ ನಡುವೆ ದೊಡ್ಡ ಭೇದವಿಲ್ಲವಾದರೂ ತೇವದ ವಿಷಯದಲ್ಲಿ ಭೇದ ಬಹಳ ದೊಡ್ಡದು. ಸಾಮಾನ್ಯ ಹವೆಯಲ್ಲಿಟ್ಟ ಉಣ್ಣೆಯು ತನ್ನ ಒಣತೂಕದ ಸುಮಾರು 16 ಶೇಕಡದಷ್ಟು, ರೇಷ್ಮೆ 11 ಶೇಕಡದಷ್ಟು, ಹತ್ತಿ ಸುಮಾರು 8 ಶೇಕಡದಷ್ಟು ತೇವವನ್ನು ಹವೆಯಿಂದಲೇ ಹೀರಿಕೊಂಡಿರುತ್ತದೆ. ಪಾಲಿಯೆಸ್ಟರ್ ಹೀರುವುದು 0.4 ಶೇಕಡ ಮಾತ್ರ. ಉಣ್ಣೆಯು ಒಣತೂಕದ 30 ಶೇಕಡದಷ್ಟು ತೇವವನ್ನು ಒಳಗೆ ಸೇರಿಸಿಕೊಂಡರೂ ಮುಟ್ಟಿದವರಿಗೆ ಒದ್ದೆ ಎನಿಸುವುದಿಲ್ಲ, ಮತ್ತು ತೇವವನ್ನು ಹೀರುವಾಗ ಅದರಿಂದ ಸ್ವಲ್ಪ ಶಾಖವೂ ಬಿಡುಗಡೆಯಾಗುತ್ತದೆ. ಬೆಚ್ಚಗಿನ ಹಾಸಿಗೆಯಿಂದೆದ್ದು ತಣ್ಣನೆಯ, ತೇವವಾದ ಕೋಣೆಗೆ ಬರುವವರಿಗೆ ಉಣ್ಣೆಯ ಗೌನು ವಿಶೇಷವಾಗಿ ಹಿತವೆನಿಸುವುದಕ್ಕೆ ಇದು ಒಂದು ಕಾರಣ. ಹತ್ತಿಯ ಕಥೆ ಬೇರೆ. ಅದು ನೀರನ್ನು ಬಹುಬೇಗ ಕುಡಿಯುತ್ತದೆ, ಆದರೆ ಕುಡಿದ ಮೇಲೆ ಎಳೆಗಳು ಜೋತುಬಿದ್ದು ಗಾಳಿಯ ಜಾಗದಲ್ಲಿ ನೀರು ನಿಲ್ಲುತ್ತದೆ, ಬೆಚ್ಚಗಿಡುವ ಗುಣವೇ ತಲೆಕೆಳಗಾಗುತ್ತದೆ. ಸ್ನಾನದ ಕೂಡಲೇ ಹಾಕಿಕೊಳ್ಳುವ ಗೌನು ಮತ್ತು ಗಂಟೆಗಟ್ಟಲೆ ಹಾಕಿಕೊಂಡು ಕೂರುವ ಗೌನು ಒಂದೇ ಬಟ್ಟೆಯದಾಗಿರಬಾರದು ಎಂದು ನಾನು ದೃಢವಾಗಿ ಹೇಳುವುದು ಇದೇ ಕಾರಣಕ್ಕೆ. ಟರ್ಕಿ ಟವೆಲ್ ಬಟ್ಟೆಯ ಗೌನು ಮೈಯೊರಸಿಕೊಳ್ಳಲು ಅತ್ಯುತ್ತಮ. ಒರಸಿದ ಮೇಲೆ ಅದನ್ನು ತೆಗೆದು ಹರವಬೇಕು.

ಉಣ್ಣೆಯನ್ನು ಆರಿಸುವವರು ಎಳೆಯ ದಪ್ಪವನ್ನು ಗಮನಿಸಲೇಬೇಕು. ಮೈಗೆ ಚುಚ್ಚುವುದು ಉಣ್ಣೆಯ ಗುಣವೆಂದು ಅನೇಕರು ತಿಳಿದಿದ್ದಾರೆ. ಚುಚ್ಚುವುದು ದಪ್ಪ ಎಳೆಗಳ ತುದಿಗಳು ಮಾತ್ರ: ಸುಮಾರು 30 ಮೈಕ್ರಾನ್ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ಮೀರಿದ ಎಳೆಯ ತುದಿ ಚರ್ಮಕ್ಕೆ ತಾಗಿದಾಗ ಬಾಗದೆ ಒತ್ತುತ್ತದೆ, ಅದಕ್ಕಿಂತ ತೆಳುವಾದದ್ದು ಬಾಗಿಬಿಡುತ್ತದೆ. ಮೆರಿನೊ ಕುರಿಯ ಉಣ್ಣೆ ಸಾಮಾನ್ಯವಾಗಿ 24 ಮೈಕ್ರಾನಿಗಿಂತ ತೆಳು. ಲಡಾಖಿನ ಮೇಕೆಗಳ ಪಶ್ಮೀನಾ ಇನ್ನೂ ನವಿರು, 12ರಿಂದ 16 ಮೈಕ್ರಾನ್. ನಮ್ಮ ಬಯಲುಸೀಮೆಯ ದಖನಿ ಕುರಿಯ ಉಣ್ಣೆ ಇದಕ್ಕೆ ತದ್ವಿರುದ್ಧವಾಗಿ ಒರಟು, ಕೂದಲು ಬೆರೆತದ್ದು. ಚಳ್ಳಕೆರೆಯಲ್ಲಿ, ಹಾವೇರಿ ಜಿಲ್ಲೆಯ ಮೇಡ್ಲೇರಿಯಲ್ಲಿ ಕುರುಬ ಸಮುದಾಯದವರು ಹುಣಸೆ ಬೀಜದ ಗಂಜಿ ಕೊಟ್ಟು ನೇಯುವ ಕರಿ ಕಂಬಳಿಯು ಮಳೆಗೂ ಗಾಳಿಗೂ ಜಗ್ಗದ ಗಟ್ಟಿ ಬಟ್ಟೆ, ಕುರಿ ಕಾಯುವವರ ಹೆಗಲ ಮೇಲೆ ತಲೆಮಾರುಗಳಿಂದ ತನ್ನ ಯೋಗ್ಯತೆಯನ್ನು ತೋರಿಸಿದ ಬಟ್ಟೆ. ಅದನ್ನು ನೇರವಾಗಿ ಮೈಗೆ ತಾಗುವ ಗೌನಾಗಿ ಹೊಲಿಸುವುದು ಸರಿಯಲ್ಲ. ಆದರೆ ಮೆತ್ತನೆಯ ಹತ್ತಿ ಬಟ್ಟೆಯ ಅಸ್ತರನ್ನು ಕೊರಳು, ತೋಳು, ಮುಂಭಾಗಗಳಿಗೆ ಪೂರ್ತಿಯಾಗಿ ಕೊಟ್ಟರೆ ಅದೇ ಕಂಬಳಿಯಿಂದ ಮಡಿಕೇರಿಯ ಡಿಸೆಂಬರಿಗೂ ಸಾಕಾಗುವ ಗೌನು ಆಗುತ್ತದೆ. ದಖನಿ ಉಣ್ಣೆಗೆ ಬೇಡಿಕೆ ಕುಸಿದಿರುವ ಈ ಕಾಲದಲ್ಲಿ ಇಂಥ ಹೊಸ ಬಳಕೆಗಳನ್ನು ಯೋಚಿಸುವುದು ನೇಕಾರರ ದೃಷ್ಟಿಯಿಂದಲೂ ಒಳ್ಳೆಯದೆಂದು ನನ್ನ ನಂಬಿಕೆ.

ಇಲ್ಲಿ ಮಾರುಕಟ್ಟೆಯ ಒಂದು ಸಂಗತಿಯನ್ನು ಹೇಳಬೇಕು. ನಮ್ಮ ಅಂಗಡಿಗಳಲ್ಲಿ ವುಲನ್ ಎಂದು ಮಾರುವ ಬಟ್ಟೆಯಲ್ಲಿ ಕುರಿಯ ಉಣ್ಣೆ ಇರಲೇಬೇಕೆಂದಿಲ್ಲ. ಬಹಳಷ್ಟು ಅಕ್ರಿಲಿಕ್ ಎಂಬ ಕೃತಕ ಎಳೆಯದಾಗಿರುತ್ತದೆ. ಚೀಟಿಯಲ್ಲಿ ಎಳೆಗಳ ಶೇಕಡಾವಾರು ಪ್ರಮಾಣ ಬರೆದಿದೆಯೇ ನೋಡಬೇಕು. ಬರೆದಿಲ್ಲದಿದ್ದರೆ ಅಂಚಿನಿಂದ ಎರಡು ಮೂರು ನೂಲುಗಳನ್ನು ಕೇಳಿ ಪಡೆದು, ಚಿಮುಟದಲ್ಲಿ ಹಿಡಿದು, ನೀರಿನ ಪಾತ್ರೆಯ ಮೇಲೆ ಸುಟ್ಟು ನೋಡಬಹುದು. ಉಣ್ಣೆ ನಿಧಾನವಾಗಿ ಉರಿದು, ಕೂದಲು ಸುಟ್ಟ ವಾಸನೆ ಬಂದು, ಬೆರಳಲ್ಲಿ ಪುಡಿಯಾಗುವ ಕರಿ ಬೂದಿ ಉಳಿಯುತ್ತದೆ. ಹತ್ತಿಯಿಂದ ಕಾಗದ ಸುಟ್ಟ ವಾಸನೆ ಬರುತ್ತದೆ, ಬೂದಿ ಬೆಳ್ಳಗಿರುತ್ತದೆ. ಅಕ್ರಿಲಿಕ್ ಮತ್ತು ಪಾಲಿಯೆಸ್ಟರ್‌ಗಳು ಕರಗಿ, ಆರಿದ ಮೇಲೆ ಗಟ್ಟಿಯಾದ ಮಣಿಯಾಗುತ್ತವೆ. ಎಳೆಗಳನ್ನು ಬೆರೆಸಿ ಮಾಡಿದ ಬಟ್ಟೆಯಾದರೆ ಈ ಪರೀಕ್ಷೆ ಸ್ಪಷ್ಟ ಉತ್ತರ ಕೊಡುವುದಿಲ್ಲ.

ಹತ್ತಿಯ ಫ್ಲಾನೆಲ್ ನಮ್ಮಲ್ಲಿ ಹಸುಗೂಸುಗಳ ಬಟ್ಟೆಯಾಗಿ ಎಲ್ಲರಿಗೂ ಪರಿಚಿತ. ಸುಮಾರು 150ರಿಂದ 200 ಜಿಎಸ್‌ಎಂ ತೂಗುವ ಈ ಬಟ್ಟೆ ಮೆತ್ತಗೆ, ಅಗ್ಗ, ಮನೆಯಲ್ಲೇ ತೊಳೆಯಲು ಸುಲಭ, ಚರ್ಮಕ್ಕೆ ತೊಂದರೆ ಕೊಡದು. ಎರಡೂ ಬದಿಯಲ್ಲಿ ನವಿರೆಬ್ಬಿಸಿದ್ದನ್ನು ಆರಿಸಿಕೊಳ್ಳಬೇಕು. ತೊಳೆದಂತೆಲ್ಲ ನವಿರು ಉದುರಿ, ಉಂಡೆಗಟ್ಟಿ, ಕ್ರಮೇಣ ಸಾಧಾರಣ ಹತ್ತಿ ಬಟ್ಟೆಯಂತಾಗುವುದು ಅದರ ಮಿತಿ. ಫ್ಲೀಸ್ ಇದಕ್ಕಿಂತ ಹೊಸ ಕಾಲದ ಬಟ್ಟೆ. 1979ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಮಾಲ್ಡನ್ ಮಿಲ್ಸ್ ಎಂಬ ಕಾರ್ಖಾನೆಯಲ್ಲಿ ರೂಪುಗೊಂಡ ಇದು ಹೆಣೆದ ಪಾಲಿಯೆಸ್ಟರ್ ಬಟ್ಟೆಯ ಎರಡೂ ಬದಿಯನ್ನು ಕೆರೆದು ಎಬ್ಬಿಸಿ ಮಾಡಿದ್ದು. ತೂಕಕ್ಕೆ ಹೋಲಿಸಿದರೆ ಅದು ಬೆಚ್ಚಗಿಡುವ ಶಕ್ತಿ ಬಹಳ ಹೆಚ್ಚು. ಒಗೆದ ಕೆಲವೇ ಗಂಟೆಗಳಲ್ಲಿ ಒಣಗುತ್ತದೆ, ನುಸಿ ಹಿಡಿಯುವುದಿಲ್ಲ. ಬೀಸುಗಾಳಿಯನ್ನು ಮಾತ್ರ ಅದು ತಡೆಯಲಾರದು, ಮನೆಯೊಳಗಿನ ಉಡುಪಿಗೆ ಅದು ದೊಡ್ಡ ದೋಷವಲ್ಲ. ಬೆವರನ್ನು ಹೀರದಿರುವುದು, ಒಣಹವೆಯಲ್ಲಿ ವಿದ್ಯುದಾವೇಶಗೊಂಡು ಚಟಪಟ ಎನ್ನುವುದು, ಪ್ರತಿ ಒಗೆತದಲ್ಲೂ ಸೂಕ್ಷ್ಮ ಪ್ಲಾಸ್ಟಿಕ್ ಎಳೆಗಳನ್ನು ನೀರಿಗೆ ಬಿಡುವುದು ಅದರ ನಿಜವಾದ ದೋಷಗಳು.

ಅರಳೆ ತುಂಬಿ ಹೊಲಿದ ಗೌನಿಗೆ ದೀರ್ಘ ಇತಿಹಾಸವಿದೆ, ಅದರಲ್ಲಿ ಭಾರತದ ಪಾಲೂ ಇದೆ. 17 ಮತ್ತು 18ನೆಯ ಶತಮಾನಗಳಲ್ಲಿ ಕೋರಮಂಡಲ ತೀರದಲ್ಲಿ ಬಣ್ಣ ಬಿಡಿಸಿದ ಹತ್ತಿ ಬಟ್ಟೆಗಳು ಹಡಗಿನಲ್ಲಿ ಯುರೋಪಿಗೆ ಹೋಗಿ, ಅಲ್ಲಿನ ಗಂಡಸರು ಮನೆಯಲ್ಲಿ ಧರಿಸುವ ಸಡಿಲ ಗೌನುಗಳಾದವು. ಚಳಿಗೆಂದು ಕೆಲವಕ್ಕೆ ಅರಳೆ ತುಂಬಿ ಒತ್ತುಹೊಲಿಗೆ ಹಾಕುತ್ತಿದ್ದರು. ಲಂಡನ್ನಿನ ದಿನಚರಿಕಾರ ಸ್ಯಾಮ್ಯುಯೆಲ್ ಪೀಪ್ಸ್ 1666ರಲ್ಲಿ ತನ್ನ ಭಾವಚಿತ್ರ ಬರೆಸಿಕೊಳ್ಳಲು ಇಂಥದೊಂದು ಗೌನನ್ನು ಬಾಡಿಗೆಗೆ ತಂದಿದ್ದ. ಇಂದಿಗೂ ಜೈಪುರದ ರಜಾಯಿಯಂತೆ ತೆಳುವಾಗಿ ಅರಳೆ ಹರಡಿ ಹೊಲಿದ ಬಟ್ಟೆ ಗೌನಿಗೆ ಬಹಳ ಹೊಂದುತ್ತದೆ. ಉತ್ತರ ಕರ್ನಾಟಕದ ಕೌದಿಯಲ್ಲಿ ಅರಳೆಯಿಲ್ಲ, ಹಳೆಯ ಸೀರೆಗಳ ಪದರಗಳನ್ನು ಒಂದರ ಮೇಲೊಂದಿಟ್ಟು ಸಾಲುಸಾಲಾಗಿ ಹೊಲಿಯುತ್ತಾರೆ. ಪದರಗಳ ನಡುವೆ ಗಾಳಿ ನಿಲ್ಲುತ್ತದೆಂಬ ತತ್ವ ಮಾತ್ರ ಅದೇ. ಎರಡು ಮೂರು ಪದರದ ತೆಳು ಕೌದಿಹೊಲಿಗೆಯ ಗೌನು ಬೆಂಗಳೂರು, ಧಾರವಾಡ, ಬೀದರಿನ ಚಳಿಗಾಲಕ್ಕೆ ತಕ್ಕುದು. ಮಖಮಲ್ ಮತ್ತು ತುಪ್ಪಟದಂಥ ನೂಲಿನಿಂದ ನೇಯ್ದ ಶೆನಿಲ್‌ಗಳು ನೋಡಲು ಚೆಂದ, ಬೆಚ್ಚಗೂ ಇರುತ್ತವೆ, ಭಾರ ಹೆಚ್ಚು. ಅವುಗಳ ಬಗ್ಗೆ ಮುಂದಿನ ಮಾತನ್ನು ಓದಿದ ಮೇಲೆ ತೀರ್ಮಾನಿಸುವುದು ಒಳ್ಳೆಯದು.

ಆ ಮಾತು ಬೆಂಕಿಯದು, ಮತ್ತು ಈ ಲೇಖನದಲ್ಲಿ ಬೇರೇನನ್ನು ಮರೆತರೂ ಇದನ್ನು ಮರೆಯಬಾರದೆಂದು ಕೇಳಿಕೊಳ್ಳುತ್ತೇನೆ. ನಮ್ಮ ಮನೆಗಳಲ್ಲಿ ಚಳಿಗಾಲದ ಬೆಳಿಗ್ಗೆ ಗೌನು ಹಾಕಿಕೊಂಡವರು ಮೊದಲು ಹೋಗುವುದು ಒಲೆಯ ಬಳಿಗೆ, ಹಾಲು ಕಾಯಿಸಲು, ಕಾಫಿ ಮಾಡಲು. ಆಮೇಲೆ ದೇವರ ದೀಪದ ಮುಂದೆ. ಅಗಲ ತೋಳು, ಜೋತಾಡುವ ಸೊಂಟಪಟ್ಟಿ, ಸಡಿಲ ಸೆರಗು, ಗಾಳಿ ತುಂಬಿದ ನವಿರು ಮೇಲ್ಮೈ, ಇವೆಲ್ಲ ಬೆಂಕಿಗೆ ಅನುಕೂಲವಾದ ಗುಣಗಳು. ಬೆಚ್ಚಗಿಡುವ ಗಾಳಿಯೇ ಉರಿಯುವುದಕ್ಕೂ ನೆರವಾಗುತ್ತದೆ. ಎಳೆಯೊಂದು ಉರಿಯುತ್ತಲೇ ಇರಲು ಗಾಳಿಯಲ್ಲಿ ಕನಿಷ್ಠ ಎಷ್ಟು ಶೇಕಡ ಆಮ್ಲಜನಕ ಬೇಕೆಂದು ಪ್ರಯೋಗಾಲಯದಲ್ಲಿ ಅಳೆಯುತ್ತಾರೆ. ಹತ್ತಿಗೂ ಅಕ್ರಿಲಿಕ್‌ಗೂ ಸುಮಾರು 18 ಶೇಕಡ ಸಾಕು, ಉಣ್ಣೆಗೆ ಸುಮಾರು 25 ಶೇಕಡ ಬೇಕು. ನಾವು ಉಸಿರಾಡುವ ಗಾಳಿಯಲ್ಲಿರುವುದು 21 ಶೇಕಡ. ಹೀಗಾಗಿ ಉಣ್ಣೆಗೆ ಕಿಡಿ ತಾಗಿದರೂ ಸಾಮಾನ್ಯವಾಗಿ ಅದು ಕರಿಯಾಗಿ ತಾನೇ ಆರುತ್ತದೆ; ನವಿರೆಬ್ಬಿಸಿದ ಹತ್ತಿಯಲ್ಲಿ ಜ್ವಾಲೆ ಮೇಲ್ಮೈಯುದ್ದಕ್ಕೂ ಕ್ಷಣಗಳಲ್ಲಿ ಹರಿಯಬಹುದು. ಪಾಲಿಯೆಸ್ಟರ್ ಜ್ವಾಲೆಯಿಂದ ಸ್ವಲ್ಪ ಹಿಂದೆ ಸರಿದು ಮುದುಡಿದರೂ ಸುಮಾರು 255 ಡಿಗ್ರಿಗೆ ಕರಗಿ ಚರ್ಮಕ್ಕೆ ಅಂಟಿಕೊಂಡು ಆಳವಾದ ಸುಟ್ಟಗಾಯ ಮಾಡುತ್ತದೆ. 2009ರಲ್ಲಿ ಅಮೆರಿಕದಲ್ಲಿ ಹತ್ತಿಯ ಶೆನಿಲ್ ಬಟ್ಟೆಯಿಂದ ಮಾಡಿದ ಹೆಂಗಸರ ಗೌನುಗಳಿಗೆ ಬೆಂಕಿ ತಗುಲಿ ಸಾವುಗಳು ಸಂಭವಿಸಿದ್ದು ಬೆಳಕಿಗೆ ಬಂದು, ಒಂದೂವರೆ ಲಕ್ಷಕ್ಕೂ ಹೆಚ್ಚು ಗೌನುಗಳನ್ನು ಮಾರುಕಟ್ಟೆಯಿಂದ ಹಿಂದಕ್ಕೆ ಪಡೆಯಲಾಯಿತು; ಸತ್ತವರಲ್ಲಿ ಹಲವರು ಅಡುಗೆ ಮಾಡುತ್ತಿದ್ದ ವಯಸ್ಸಾದ ಹೆಂಗಸರು. ಬ್ರಿಟನ್ನಿನಲ್ಲಿ 1985ರ ನಿಯಮಗಳ ಪ್ರಕಾರ ಮಕ್ಕಳ ಡ್ರೆಸ್ಸಿಂಗ್ ಗೌನುಗಳು ಜ್ವಾಲಾ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು, ದೊಡ್ಡವರ ಗೌನುಗಳ ಮೇಲೆ ಬೆಂಕಿಯ ಕುರಿತ ಚೀಟಿ ಇರಲೇಬೇಕು. ನೀವು ಅಂಥ ಚೀಟಿಯಿಲ್ಲದ ಬಟ್ಟೆಯನ್ನು ಕೊಳ್ಳುವಾಗ ಆ ಪರೀಕ್ಷೆಯ ಹೊಣೆ ನಿಮ್ಮದೇ ಆಗುತ್ತದೆ. ಒಲೆಯ ಬಳಿ ಹೋಗುವವರ ಗೌನಿಗೆ ಉಣ್ಣೆ ಅಥವಾ ನವಿರಿಲ್ಲದ, ಒತ್ತಾಗಿ ನೇಯ್ದ ಬಟ್ಟೆ ಇರಲಿ. ತೋಳು ಮಣಿಕಟ್ಟಿನಲ್ಲಿ ಬಿಗಿಯಾಗಿರಲಿ ಅಥವಾ ಮೊಣಕೈಗೆ ಮಡಚಿ ಗುಂಡಿ ಹಾಕುವಂತಿರಲಿ, ಪಟ್ಟಿಯ ಬದಲು ಗುಂಡಿಗಳಿರಲಿ. ಬೇರೆ ಬಟ್ಟೆಯೇ ಬೇಕೆಂದಾದರೆ ಅಡುಗೆಮನೆಗೆ ಹೋಗುವ ಮುನ್ನ ಗೌನನ್ನು ತೆಗೆದಿಡುವ ಅಭ್ಯಾಸ ಬೇಕು.

ಇನ್ನು ಊರಿಗೆ ತಕ್ಕ ಆಯ್ಕೆ. ಬೆಂಗಳೂರಿನ ಜನವರಿಯ ರಾತ್ರಿಗಳು ಸಾಮಾನ್ಯವಾಗಿ 15–16 ಡಿಗ್ರಿಯಷ್ಟು ತಂಪು. 1884ರ ಜನವರಿಯಲ್ಲಿ ಒಮ್ಮೆ 7.8 ಡಿಗ್ರಿಗೆ ಇಳಿದದ್ದು ಅಪವಾದ. ಇಲ್ಲಿಗೆ ದಪ್ಪ ಫ್ಲೀಸ್ ಅತಿಯಾಗುತ್ತದೆ, ಹತ್ತು ಗಂಟೆಯ ಬಿಸಿಲಿಗೆ ಬೆವರು ಶುರುವಾಗುತ್ತದೆ. ಫ್ಲಾನೆಲ್ ಅಥವಾ ತೆಳು ಕೌದಿಹೊಲಿಗೆ ಸಾಕು. ದೆಹಲಿಯಲ್ಲಿ ಜನವರಿಯ ರಾತ್ರಿ 7 ಡಿಗ್ರಿಯ ಆಸುಪಾಸಿಗೆ ಇಳಿಯುತ್ತದೆ, ಮನೆಗಳಲ್ಲಿ ಕೇಂದ್ರೀಯ ತಾಪನವಿಲ್ಲ, ಗೋಡೆ ನೆಲಗಳೆಲ್ಲ ಕೊರೆಯುತ್ತವೆ. ಅಲ್ಲಿ ನೆಲೆಸಿರುವ ಕನ್ನಡಿಗರಿಗೆ ಅಸ್ತರಿರುವ ಉಣ್ಣೆ ಅಥವಾ ಅರಳೆ ತುಂಬಿದ ಗೌನೇ ಬೇಕು. ಟೊರಾಂಟೊ, ಶಿಕಾಗೊ ಕಡೆಯ ಮನೆಗಳಲ್ಲಿ ಹೊರಗೆ ಹಿಮವಿದ್ದರೂ ಒಳಗೆ 20 ಡಿಗ್ರಿಯಷ್ಟು ಬೆಚ್ಚಗಿರುತ್ತದೆ, ಹವೆ ಬಹಳ ಒಣಗಿರುತ್ತದೆ. ಅಲ್ಲಿ ಚಟಪಟಗುಟ್ಟುವ ಫ್ಲೀಸ್‌ಗಿಂತ ತೆಳು ಮೆರಿನೊ ಅಥವಾ ಹತ್ತಿ ಹೆಚ್ಚು ಹಿತ. ಮಲೆನಾಡು ಮತ್ತು ಕೊಡಗಿನಲ್ಲಿ ಚಳಿಯ ಜೊತೆಗೆ ತೇವವೂ ಇರುವುದರಿಂದ ಒಣಗಲು ದಿನಗಟ್ಟಲೆ ತೆಗೆದುಕೊಳ್ಳುವ ದಪ್ಪ ಹತ್ತಿಯನ್ನು ಬಿಟ್ಟು ಉಣ್ಣೆಯನ್ನೇ ಆರಿಸಬೇಕೆಂಬುದು ನನ್ನ ಅಭಿಪ್ರಾಯ.

ಬಟ್ಟೆಯ ಅಳತೆಗೆ ಬಂದರೆ, ಒಂದೂವರೆ ಮೀಟರ್ ಅಗಲದ ಬಟ್ಟೆಯಲ್ಲಿ ದೊಡ್ಡವರ ಉದ್ದನೆಯ ಗೌನಿಗೆ ಮೂರೂವರೆಯಿಂದ ನಾಲ್ಕು ಮೀಟರ್ ಬೇಕಾಗುತ್ತದೆ. ನಾಲ್ಕು ಮೀಟರ್ ಎಂದರೆ ಆರು ಚದರ ಮೀಟರ್. 300 ಜಿಎಸ್‌ಎಂ ಬಟ್ಟೆಯಾದರೆ 1.8 ಕಿಲೋ, 400 ಜಿಎಸ್‌ಎಂ ಟರ್ಕಿ ಬಟ್ಟೆಯಾದರೆ 2.4 ಕಿಲೋ, ಕತ್ತರಿಸಿ ಬಿಡುವ ಚೂರುಗಳನ್ನು ಕಳೆದರೂ ಹೆಗಲಿನ ಮೇಲೆ ನಿಲ್ಲುವ ಭಾರ ಕಡಿಮೆಯೇನಲ್ಲ. ವಯಸ್ಸಾದವರಿಗೆ ಹೊಲಿಸುವಾಗ ಈ ಲೆಕ್ಕವನ್ನು ಮೊದಲೇ ಹಾಕಬೇಕು. ಹತ್ತಿ ಬಟ್ಟೆಯನ್ನೂ ಅಸ್ತರನ್ನೂ ಕತ್ತರಿಸುವ ಮುನ್ನ ಒಮ್ಮೆ ನೀರಿಗೆ ಹಾಕಿ ಒಣಗಿಸಲೇಬೇಕು, ಇಲ್ಲದಿದ್ದರೆ ಮೊದಲ ಒಗೆತದಲ್ಲಿ ಅಸ್ತರು ಕುಗ್ಗಿ ಹೊರಬಟ್ಟೆ ಜೋಲುತ್ತದೆ. ನವಿರಿರುವ ಬಟ್ಟೆಯಲ್ಲಿ ಎಲ್ಲ ತುಂಡುಗಳ ನವಿರೂ ಒಂದೇ ದಿಕ್ಕಿಗೆ, ಕೆಳಮುಖವಾಗಿ ಬರುವಂತೆ ಕತ್ತರಿಸಲು ದರ್ಜಿಗೆ ಹೇಳಬೇಕು, ಅದಕ್ಕೆ ತುಸು ಹೆಚ್ಚು ಬಟ್ಟೆ ಬೇಕಾಗುತ್ತದೆ. ಅಸ್ತರಿಗೆ ಸ್ಯಾಟಿನ್ ಕೊಟ್ಟರೆ ಗೌನು ಸಲೀಸಾಗಿ ಜಾರಿ ಮೈಗೇರುತ್ತದೆ ನಿಜ, ಆದರೆ ನುಣುಪಾದ ಬಟ್ಟೆಯ ಹೆಚ್ಚು ಭಾಗ ಒಮ್ಮೆಗೇ ಚರ್ಮಕ್ಕೆ ತಾಗುವುದರಿಂದ ಹಾಕಿಕೊಂಡ ಕ್ಷಣ ಮೈ ಜುಮ್ಮೆನ್ನುತ್ತದೆ. ತೋಳಿಗೆ ಮಾತ್ರ ಸ್ಯಾಟಿನ್, ಉಳಿದೆಡೆ ಮೆತ್ತನೆಯ ಹತ್ತಿ ಎಂಬುದು ಒಳ್ಳೆಯ ಹೊಂದಾಣಿಕೆ. ಮುಂಭಾಗದ ಎರಡು ಸೆರಗುಗಳು ಒಂದರ ಮೇಲೊಂದು ಕನಿಷ್ಠ ಒಂದು ಗೇಣಿನಷ್ಟಾದರೂ ಬರಬೇಕು. ನಡೆಯುವಾಗ ಸೆರಗು ತೆರೆದು ಮುಚ್ಚಿದಂತೆಲ್ಲ ಒಳಗಿನ ಬೆಚ್ಚನೆಯ ಗಾಳಿ ಹೊರಬಿದ್ದು ತಣ್ಣನೆಯದು ಒಳಸೇರುತ್ತದೆ. ಕುತ್ತಿಗೆಯ ಹಿಂದೆ ಎದ್ದು ನಿಲ್ಲುವ ಅಗಲ ಕಾಲರ್ ಇದೇ ಕಾರಣಕ್ಕೆ ಉಪಯುಕ್ತ.

ಉಣ್ಣೆಯ ಗೌನನ್ನು ಪದೇ ಪದೇ ಒಗೆಯಬಾರದು, ಬಿಸಿನೀರು ಮತ್ತು ತಿಕ್ಕಾಟದಿಂದ ಅದರ ಎಳೆಗಳ ಮೇಲಿನ ಹುರುಪೆಗಳು ಒಂದಕ್ಕೊಂದು ಸಿಕ್ಕಿಕೊಂಡು ಬಟ್ಟೆ ಕುಗ್ಗಿ ಹೆಪ್ಪಾಗುತ್ತದೆ. ಗಾಳಿಗೆ ಹರವಿ ಕೊಡವಿದರೆ ಬಹಳ ದಿನ ಸಾಕು. ಒಗೆಯಲೇಬೇಕಾದಾಗ ತಣ್ಣೀರು, ಉಣ್ಣೆಗೆಂದೇ ಇರುವ ಸೌಮ್ಯ ಮಾರ್ಜಕ, ಹಿಂಡದೆ ಒತ್ತಿ ನೀರು ತೆಗೆದು ನೆರಳಿನಲ್ಲಿ ಮಲಗಿಸಿ ಒಣಗಿಸುವುದು. ಫೆಬ್ರವರಿ ಕಳೆದ ಮೇಲೆ ಎತ್ತಿಡುವಾಗ ಕೊಳೆಯನ್ನು ಪೂರ್ತಿಯಾಗಿ ತೆಗೆದಿರಬೇಕು, ಏಕೆಂದರೆ ನುಸಿಯ ಮರಿಹುಳುಗಳು ಬೆವರು ಮತ್ತು ಎಣ್ಣೆಯ ಕಲೆಗಳಿರುವ ಜಾಗವನ್ನೇ ಮೊದಲು ತಿನ್ನುತ್ತವೆ. ಬಿಸಿಲಿಗೆ ಹಾಕಿ, ಆರಿದ ಮೇಲೆ ಹತ್ತಿ ಚೀಲದಲ್ಲಿಟ್ಟು ಬಾಯಿ ಬಿಗಿಯಬೇಕು. ಮಳೆಗಾಲದಲ್ಲಿ ಬಿಸಿಲು ಕಾಣಿಸಿಕೊಂಡ ದಿನ ಅದನ್ನು ಮತ್ತೆ ತೆಗೆದು, ಹೊಲಿಗೆಯ ಮಡಿಕೆಗಳನ್ನೂ ಕಾಲರಿನ ಕೆಳಭಾಗವನ್ನೂ ಬಿಡಿಸಿ ನೋಡಿ, ಕುಂಚದಿಂದ ಉಜ್ಜಿ ಒಳಗಿಡಬೇಕು.